ಬೆಳಗಿನ ಗಂಟು

ಮಗಳು ಅಪ್ಪನ ಬಲಗೈ ಹೆಬ್ಬೆರಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ಮತ್ತೊಮ್ಮೆ ಫೋನಿನ ಗಾಜಿಗೆ ಒತ್ತಿದಳು. ಫೋನು ಸಣ್ಣಗೆ ನಡುಗಿ ಸುಮ್ಮನಾಯಿತು.

"ತೆಗೀತಾ ಇಲ್ಲಮ್ಮ."

"ಗಟ್ಟಿಯಾಗಿ ಒತ್ತು."

"ಒತ್ತೋದ್ರಲ್ಲಿ ಏನಿಲ್ಲ. ಬೆರಳು ತಣ್ಣಗಾಗಿದೆ. ಅದಕ್ಕೆ ಗೊತ್ತಾಗುತ್ತೆ."

ಅದಕ್ಕಾದರೂ ಗೊತ್ತಾಯಿತಲ್ಲ, ಎಂದುಕೊಂಡಳು ಅವನ ಹೆಂಡತಿ.

ಅವನನ್ನು ಮಲಗಿಸಿದ್ದು ಮುಂದಿನ ಕೋಣೆಯಲ್ಲಿ. ಅದು ಅವಳ ಹೊಲಿಗೆ ಕೋಣೆ. ಜಾಗ ಮಾಡಲೆಂದು ಯಂತ್ರವನ್ನು ಗೋಡೆಗೆ ತಳ್ಳಿದ್ದರು. ತಳ್ಳುವಾಗ ಅದು ಕಟಕಟ ಎಂದು ಕುಣಿದಿತ್ತು, ಒಂದು ಕಾಲು ಗಿಡ್ಡ. ಊರಿನ ದೊಡ್ಡ ದೊಡ್ಡ ಕಟ್ಟಡಗಳ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡಿದ ಮನುಷ್ಯ, ಮನೆಯಲ್ಲಿದ್ದ ಈ ಕಾಲಿನ ವಿಷಯಕ್ಕೆ ಮಾತ್ರ "ನಾಳೆ ನೋಡ್ತೀನಿ" ಎನ್ನುತ್ತಲೇ ಕಾಲ ಹಾಕಿದ.

ನಿವೃತ್ತಿಯಾದ ಮೇಲೆ ಅವನು ಬದುಕಿದ್ದೆಲ್ಲ ಫೋನಿನೊಳಗೆ. ಅಲ್ಲಿ 'ಬೆಳಗಿನ ಗಂಟು' ಎಂಬ ಗುಂಪು ಕಟ್ಟಿದ್ದ. ಎಲ್ಲೆಲ್ಲಿಯವರೋ ಸೇರಿ, ಓದಿದ ಸುದ್ದಿ, ಕೇಳಿದ ಹಾಡು, ನೋಡಿದ ಚಿತ್ರ ಎಲ್ಲದರ ಲಿಂಕ್ ತಂದು ಸುರಿಯುತ್ತಿದ್ದರು. ಸಂಜೆ ಅವನು ಒಳ್ಳೆಯದನ್ನೆಲ್ಲ ಆರಿಸಿ ಒಂದು ಗಂಟು ಕಟ್ಟಿ, ಬೆಳಿಗ್ಗೆ ತಾನೇ ಬಿಚ್ಚಿಕೊಳ್ಳುವಂತೆ ಹೊತ್ತು ಗೊತ್ತುಮಾಡಿ ಮಲಗುತ್ತಿದ್ದ. ನಿನ್ನೆಯೂ ಕಟ್ಟಿಟ್ಟೇ ಮಲಗಿದ್ದ. ಬೆಳಿಗ್ಗೆ ಗಂಟು ಸರಿಯಾದ ಹೊತ್ತಿಗೆ ಎದ್ದಿತು. ಅವನು ಏಳಲಿಲ್ಲ.

ಆ ಗುಂಪಿನವರಿಗೆ ತಿಳಿಸಬೇಕು ಎಂಬುದೊಂದೇ ಅವಳ ಹಟ. ಪ್ರೀತಿಯಿಂದ ಅಲ್ಲ. ಇಷ್ಟು ವರ್ಷ ಗಂಡನನ್ನು ತನ್ನಿಂದ ಕಿತ್ತುಕೊಂಡವರು ಅವರು. ಅವರಲ್ಲಿ ಒಬ್ಬರಾದರೂ ಅವನಿಗಾಗಿ ಎರಡು ಮಾತಾಡಿದರೆ, ಆ ವರ್ಷಗಳು ಎಲ್ಲಿಗೋ ಸೇರಿದವು ಎಂದು ನಂಬಬಹುದಿತ್ತು.

"ನಾನೇ ಗುಂಪಿಗೆ ಸೇರಿ ಹಾಕ್ತೀನಿ ಬಿಡು," ಎಂದು ಮಗಳು ತನ್ನ ಫೋನು ತೆಗೆದಳು. 'ನಮ್ಮ ತಂದೆಯವರು ತೀರಿಕೊಂಡರು' ಎಂದು ಬರೆದು ಕಳಿಸಿದಳು. ಕಳಿಸಿದ್ದು ಕಣ್ಣೆದುರೇ ಮಾಯವಾಯಿತು. ಮತ್ತೆ ಬರೆದಳು. ಅದೂ ಮಾಯ. ಜೊತೆಗೆ, ಲಿಂಕ್ ಇಲ್ಲದೆ ಬರೆದದ್ದಕ್ಕಾಗಿ ನೀವಿನ್ನು ಇಲ್ಲಿ ಬರೆಯುವಂತಿಲ್ಲ, ಓದಬಹುದು ಅಷ್ಟೇ ಎಂಬ ಸಾಲು ಬಂತು.

"ಅಪ್ಪನೇ ಮಾಡಿಟ್ಟಿರೋ ಏರ್ಪಾಡು ಇದು. ಯಾರೂ ತೆಗೀಬೇಕಾಗಿಲ್ಲ, ತಾನೇ ತೆಗೆಯುತ್ತೆ."

"ಇವತ್ತಿನ ಗಂಟಲ್ಲಿ ಏನಿದೆ?"

"ಬೇಡಮ್ಮ ಈಗ."

"ಓದೇ."

ಮಗಳು ಸಣ್ಣ ದನಿಯಲ್ಲಿ ಓದಿದಳು. ಸಮುದ್ರದಡಿ ಸಿಕ್ಕ ಹಳೇ ಹಡಗು. ಎಲ್ಲೋ ಬಿದ್ದುಹೋದ ಸರ್ಕಾರ. ಮರಿಗಳಿಗೆ ಹಾಡು ಕಲಿಸುವುದನ್ನು ಮರೆತ ಹಕ್ಕಿಗಳು. ಅಜ್ಜಿ ಕಾಲದ ಹೊಲಿಗೆ ಯಂತ್ರಗಳನ್ನು ರಿಪೇರಿ ಮಾಡುವ ಒಬ್ಬ ಮುದುಕ. ಲಿಂಕುಗಳ ಕೆಳಗೆ ಅಭಿಪ್ರಾಯ ಬರೆಯಲು ಹಳಬರಿಗೆ ಅಡ್ಡಿಯಿರಲಿಲ್ಲ. ಯಾರೋ 'ಯಜಮಾನ್ರೇ, ಇವತ್ತಿನ ಗಂಟು ಭರ್ಜರಿ' ಎಂದು ಬರೆದಿದ್ದರು. ಗುಂಪಿನಲ್ಲಿ ಅವನಿಗೆ ಹೆಸರಿರಲಿಲ್ಲ, ಎಲ್ಲರಿಗೂ ಯಜಮಾನ್ರು.

"ಆ ಮುದುಕನ ವಿಳಾಸ ಬರ್ಕೋ," ಎಂದಳು ತಾಯಿ. ನಕ್ಕಳೋ ಅತ್ತಳೋ ಮಗಳಿಗೆ ತಿಳಿಯಲಿಲ್ಲ.

ಅಷ್ಟರಲ್ಲಿ ಪಕ್ಕದ ಬೀದಿಯ ಔಷಧಿ ಅಂಗಡಿಯವನು ಚಪ್ಪಲಿ ಬಿಟ್ಟು ಒಳಗೆ ಬಂದ. ಅವನೂ ಆ ಗುಂಪಿನವನೇ. ಯಜಮಾನನ ಫೋನು ಕೆಟ್ಟರೆ ಇರಲಿ ಎಂದು ಗುಂಪಿನ ಇನ್ನೊಂದು ಬೀಗದ ಕೈ ಇವನಲ್ಲಿತ್ತು. ಅವಳಿಗೆ ಜೀವ ಬಂದಂತಾಯಿತು.

"ನೀನಾದ್ರೂ ಹಾಕಪ್ಪ. ನೀನು ಹಾಕಿದ್ರೆ ನಿಲ್ಲುತ್ತಂತಲ್ಲ."

ಅವನು ಹೆಣದ ಕಡೆ ನೋಡಿದ, ಅವಳ ಕಡೆ ನೋಡಲಿಲ್ಲ. "ನಿಲ್ಲುತ್ತೆ ಅಕ್ಕ. ಆದ್ರೆ ಸ್ವಂತ ಸುದ್ದಿ ಹಾಕೋ ಹಾಗಿಲ್ಲ. ನಿಯಮ ಅವ್ರದ್ದೇ."

"ಸತ್ತೋಗಿದಾರಪ್ಪ ನಿಯಮ ಮಾಡಿದವ್ರು!"

"ನಮ್ಮಮ್ಮನೂ ಸತ್ತಿದ್ಲು ಅಕ್ಕ."

ಬಾಗಿಲಲ್ಲಿ ನಿಂತಿದ್ದ ಗಂಡನ ಅಣ್ಣ ಗಂಟಲು ಸರಿಮಾಡಿಕೊಂಡ. "ನೋಡಮ್ಮ, ವ್ಯಾನಿನವನು ಬೈತಾ ಇದಾನೆ. ಫೋನು ಗೀನು ಆಮೇಲೆ ನೋಡ್ಕೊಳ್ಳಿ."

*

ಅದು ಕೆಲವು ವರ್ಷಗಳ ಹಿಂದೆ, ಅವಳು ಗಿರಾಕಿಯೊಬ್ಬನ ಕೋಟು ಹೊಲಿದು ಮುಗಿಸಿದ ದಿನ. ಕಣ್ಣು ಮಂಜಾಗುತ್ತ ಬಂದಿತ್ತು, ಇನ್ನು ದೊಡ್ಡ ಕೆಲಸ ಒಪ್ಪುವುದಿಲ್ಲ ಎಂದು ತೀರ್ಮಾನಿಸಿದ್ದಳು. ಆ ಕೊನೆಯ ಕೋಟಿನ ಕಾಲರು ಒಂದು ಸುಕ್ಕಿಲ್ಲದೆ ಕೂತಿತ್ತು. ಜೇಬಿನ ಅಂಚಿನಲ್ಲಿ ಹೊಲಿಗೆಯೇ ಕಾಣುತ್ತಿರಲಿಲ್ಲ. ಅದನ್ನು ಹ್ಯಾಂಗರಿಗೆ ಹಾಕಿ, ಊಟಕ್ಕೆ ಕೂತಿದ್ದ ಗಂಡನೆದುರು ಹಿಡಿದಳು.

"ಒಂದು ಫೋಟೋ ತೆಗೆದು ನಿಮ್ಮ ಗಂಟಿಗೆ ಹಾಕಿ. ಎಲ್ಲೆಲ್ಲಿಯವರದ್ದೋ ಹಾಕ್ತೀರಲ್ಲ."

ಅವನು ಫೋನಿನಿಂದ ತಲೆ ಎತ್ತಲಿಲ್ಲ. "ಲಿಂಕ್ ಇದ್ಯಾ?"

"ಏನು?"

"ನಿನ್ನ ಬಗ್ಗೆ ಯಾರಾದ್ರೂ ಬರ್ದಿದಾರಾ? ಎಲ್ಲಾದ್ರೂ ಬಂದಿದ್ಯಾ? ಬಂದಿದ್ರೆ ಲಿಂಕ್ ಕೊಡು. ಇಲ್ದೆ ಹಾಕೋಕಾಗಲ್ಲ."

ಕೆಟ್ಟದಾಗಿ ಹೇಳಲಿಲ್ಲ ಅವನು. ಲಿಫ್ಟಿನ ಬಾಗಿಲಲ್ಲಿ ನಿಂತು ಇಷ್ಟೇ ಜನ ಎಂದು ಹೇಳುವ ಹಾಗೆ ಹೇಳಿದ. ಅದೇ ಅವಳಿಗೆ ಹೆಚ್ಚು ಚುಚ್ಚಿತು.

"ಇವತ್ತು ಒಬ್ಬ, ತನ್ನ ಅಮ್ಮ ತೀರ್ಕೊಂಡ್ಲು ಅಂತ ಉದ್ದಕ್ಕೆ ಬರ್ದಿದ್ದ. ನಮ್ಮ ಔಷಧಿ ಅಂಗಡಿಯವನೇ. ತೆಗೆದುಹಾಕ್ದೆ. ಬಿಟ್ರೆ ಇವತ್ತು ಅಮ್ಮ, ನಾಳೆ ಬೆಕ್ಕು. ಗಂಟು ಹಾಳಾಗುತ್ತೆ."

"ಅವನ ಅಂಗಡಿ ಇಲ್ಲೇ ಇದೆ. ಹೋಗಿ ಮಾತಾಡಿಸ್ಕೊಂಡಾದ್ರೂ ಬನ್ನಿ."

"ನಾಳೆ ಹೋಗ್ತೀನಿ," ಎಂದ.

ಅವಳು ಕೋಟನ್ನು ಮಡಿಚಿ ಕಾಗದದಲ್ಲಿ ಸುತ್ತಿಟ್ಟಳು. ಮಾರನೆಯ ದಿನ ಗಿರಾಕಿ ಬಂದು ತೆಗೆದುಕೊಂಡು ಹೋದ. ಅದರ ಒಂದು ಚಿತ್ರವೂ ಉಳಿಯಲಿಲ್ಲ. ಔಷಧಿ ಅಂಗಡಿಗೆ ಗಂಡ ಹೋಗಲೂ ಇಲ್ಲ.

*

ಸ್ಮಶಾನದ ಕಚೇರಿ ಎಂದರೆ ಕಿಟಕಿ ಇದ್ದ ಒಂದು ಕೋಣೆ. ಒಳಗೆ ಕೂತಿದ್ದ ಗುಮಾಸ್ತೆ ಸತ್ತವನ ಹೆಸರು, ವಯಸ್ಸು ಕೇಳಿ ಕಂಪ್ಯೂಟರಿನಲ್ಲಿ ಒತ್ತಿದಳು. ಮುಂದೆ ಇನ್ನಿಬ್ಬರ ಸರದಿ ಇತ್ತು. ಎಲ್ಲರೂ ಹೊರಗಿನ ಬೆಂಚಿನಲ್ಲಿ ಕೂತರು. ಗಂಡನ ಅಣ್ಣ ವ್ಯಾನಿನವನ ಜೊತೆ ರಸ್ತೆಯ ಗುಂಡಿಗಳ ಬಗ್ಗೆ ಮಾತಿಗಿಳಿದ.

ಔಷಧಿ ಅಂಗಡಿಯವನೂ ಬಂದಿದ್ದ. ತುದಿಯಲ್ಲಿ ಕೂತಿದ್ದ. ಅವಳು ಎದ್ದುಹೋಗಿ ಪಕ್ಕದಲ್ಲಿ ಕೂತಳು.

"ಹೋದವರ ಮೇಲೆ ಹಗೆ ಯಾಕಪ್ಪಾ?"

"ಹಗೆ ಅಲ್ಲ ಅಕ್ಕ. ಅಮ್ಮ ಹೋದಾಗ ನಂಗೆ ಹೇಳ್ಕೊಳ್ಳೋಕೆ ಬೇರೆ ಜಾಗ ಇರ್ಲಿಲ್ಲ. ಅಂಗಡಿಗೆ ಬರೋರೆಲ್ಲ ಅವ್ರವ್ರ ನೋವು ಹೇಳ್ತಾರೆ, ನಂದು ಯಾರು ಕೇಳ್ತಾರೆ? ಹಾಕಿ ಕಣ್ಣೊರೆಸ್ಕೊಂಡು ನೋಡೋದ್ರೊಳಗೆ ಇಲ್ಲ. ಆ ಜಾಗದಲ್ಲಿ ಯಾವ್ದೋ ತಿಮಿಂಗಿಲದ ಸುದ್ದಿ ಇತ್ತು."

ಅವಳಿಗೆ ಅವನ ಮೇಲೆ ಸಿಟ್ಟು ಬರಬೇಕಿತ್ತು. ಬಂದದ್ದು ಒಳಗೆ ಮಲಗಿದ್ದವನ ಮೇಲೆ.

ಕಿಟಕಿಯಿಂದ ಗುಮಾಸ್ತೆ ತಲೆ ಹೊರಹಾಕಿದಳು. "ಅಮ್ಮಾ, ಹೆಸರು ನಗರಸಭೆ ಸೈಟಲ್ಲಿ ಬಂದಿದೆ. ಸರಿ ಇದ್ಯಾ ಒಂದ್ಸಲ ನೋಡ್ಕೊಂಬಿಡಿ, ಆಮೇಲೆ ತಿದ್ದೋಕಾಗಲ್ಲ."

ಅವಳು ತಟ್ಟನೆ ಎದ್ದು ನಿಂತಳು. "ಲಿಂಕ್ ಇದ್ಯಾ?"

ಬಾಯಿಂದ ಬಂದ ಮಾತು ಯಾರದ್ದೆಂದು ಅವಳಿಗೇ ಒಂದು ಕ್ಷಣ ಗಾಬರಿಯಾಯಿತು. ಗುಮಾಸ್ತೆ 'ಇದೆ' ಎಂದು ಒಂದು ಚೀಟಿಯಲ್ಲಿ ಬರೆದುಕೊಟ್ಟಳು. ಚೀಟಿ ಹಿಡಿದು ಅವಳು ಔಷಧಿ ಅಂಗಡಿಯವನ ಕಡೆ ತಿರುಗಿದಳು.

"ಈಗ ಹಾಕು. ಈಗಂತೂ ಲಿಂಕ್ ಇದೆ."

ಅವನು ಬಹಳ ಹೊತ್ತು ಅವಳ ಮುಖ ನೋಡಿದ. ಆಮೇಲೆ ಫೋನು ತೆಗೆದು ಹಾಕಿದ, ಅವಳಿಗೆ ತೋರಿಸಿದ. ಬರೀ ಲಿಂಕ್. ಒತ್ತಿದರೆ ಇವತ್ತು ಸುಡಬೇಕಾದವರ ಹೆಸರುಗಳು, ಅವುಗಳ ನಡುವೆ ಗಂಡನದೂ ಒಂದು.

"ಇವ್ರೇ ಯಜಮಾನ್ರು ಅಂತ ಒಂದು ಮಾತು ಬರಿ."

"ಲಿಂಕಿನ ಜೊತೆ ಮಾತು ಬೇಡ, ಓದೋರೇ ತಿಳ್ಕೊಳ್ಳಲಿ." ಔಷಧಿ ಅಂಗಡಿಯವನು ಫೋನನ್ನು ಜೇಬಿಗೆ ಹಾಕಿಕೊಂಡ. "ಅದೂ ಅವ್ರದ್ದೇ ನಿಯಮ ಅಕ್ಕ."

ಒಳಗಿಂದ ಸರದಿ ಕೂಗಿದರು. ಗಂಡನ ಅಣ್ಣ ಈಗ ನಿಜವಾಗಿ ಅಳತೊಡಗಿದ್ದ. ಅವಳು ಇನ್ನೊಮ್ಮೆ ಕೇಳಲಿಲ್ಲ.

*

ಸಂಜೆ ಬಂದವರೆಲ್ಲ ಹೋದರು. ಮಗಳು ಕೋಣೆ ತೊಳೆದು ಸ್ನಾನಕ್ಕೆ ಹೋಗಿದ್ದಳು. ತಾಯಿ ಯಂತ್ರವನ್ನು ಗೋಡೆಯಿಂದ ಎಳೆದು ಅದರ ಜಾಗಕ್ಕೆ ತಂದಳು. ಪಕ್ಕದ ಮನೆಯವರ ಪರದೆಗಳಿಗೆ ಅಂಚು ಹೊಲಿಯಬೇಕಿತ್ತು. ಇವತ್ತೇ ಹೊಲಿಯಬೇಕೆಂದೇನೂ ಇರಲಿಲ್ಲ, ಆದರೆ ಕೈಗೆ ಬೇರೆ ಏನು ಕೊಡುವುದು?

ಯಂತ್ರದ ಮೇಲಿಟ್ಟಿದ್ದ ಗಂಡನ ಫೋನು ಟಿಂಗ್ ಎಂದಿತು. ಬೀಗ ಹಾಕಿದ ಗಾಜಿನ ಮೇಲೆ ಅಕ್ಷರಗಳು ಮೂಡಿದವು. ಅವಳು ಕಣ್ಣಿಗೆ ಹತ್ತಿರ ಹಿಡಿದು ಓದಿದಳು.

'ಯಾರಪ್ಪ ಇದು? ಸ್ಮಶಾನದ ಹೆಸರೆಲ್ಲ ಇಲ್ಲಿ ಯಾಕೆ? ಯಜಮಾನ್ರೇ, ಸ್ವಲ್ಪ ನೋಡಿ, ತೆಗೆದುಹಾಕಿ.'

ಇನ್ನೊಂದು ಟಿಂಗ್.

'ಇನ್ನೂ ಹಾಗೇ ಇದೆಯಲ್ಲ. ಯಜಮಾನ್ರು ಮಲಗಿಬಿಟ್ರಾ?'

ಕೆಳಗೆ ಒಂದಷ್ಟು ನಗುಮುಖಗಳು.

ಅವಳು ಎರಡನ್ನೂ ಮತ್ತೊಮ್ಮೆ ಓದಿದಳು. ಆಮೇಲೆ ಬಗ್ಗಿ, ಒಂದು ಕೈಯಲ್ಲಿ ಯಂತ್ರವನ್ನು ಸ್ವಲ್ಪ ಎತ್ತಿ, ಫೋನನ್ನು ಗಿಡ್ಡ ಕಾಲಿನ ಕೆಳಗೆ ಸರಿಸಿದಳು. ದಪ್ಪ ಸರಿಯಾಗಿ ಕೂತಿತು. ಅಲುಗಿಸಿ ನೋಡಿದಳು, ಅಲುಗಲಿಲ್ಲ.

ಸೂಜಿಗೆ ದಾರ ಪೋಣಿಸಿ, ಪರದೆಯ ಅಂಚು ಮಡಿಚಿ, ಪೆಡಲು ತುಳಿದಳು. ಯಂತ್ರದ ಕೆಳಗೆ ಮತ್ತೆ ಟಿಂಗ್ ಎಂದಿತು, ನೆಲದ ಮೇಲೆ ಸಣ್ಣ ಬೆಳಕು ಹೊತ್ತಿ ಆರಿತು. ಅವಳು ತುಳಿಯುತ್ತಲೇ ಇದ್ದಳು. ಹೊಲಿಗೆ ನೇರವಾಗಿ ಬರುತ್ತಿತ್ತು.