ಪರದೆಯ ಹಿಂದಿನ ನಾಲ್ಕನೇ ನಂಬರು

ಹಿಲ್ಡಾ ಕ್ರ್ಯಾಬ್‌ಟ್ರೀ ನಾಲ್ಕನೇ ನಂಬರಿನ ಚೀಟಿ ಹಿಡಿದು ಆರ್ಗನ್ನಿನ ಮುಂದೆ ಕೂತಳು. ಇಪ್ಪತ್ತು ವರ್ಷ ಗಿರಣಿ ಬೀದಿಯ ಪುಟ್ಟ ಚರ್ಚಿನಲ್ಲಿ ಮದುವೆಗೂ ಮಣ್ಣಿಗೂ ಆರ್ಗನ್ ನುಡಿಸಿದವಳು, ಇಂದು ಊರಿನ ದೊಡ್ಡ ಚರ್ಚಾದ ಕೆಥೀಡ್ರಲ್ಲಿನ ಆರ್ಗನ್ ವಾದಕರ ಹುದ್ದೆಗೇ ಕೈಹಾಕಿದ್ದಳು. ಆ ಪೀಠದ ಮೇಲೆ ಈವರೆಗೆ ಹೆಂಗಸೊಬ್ಬಳು ಕೂತದ್ದಿಲ್ಲ. ಈ ಸಲ ಪಕ್ಷಪಾತದ ದೂರು ಬರಬಾರದೆಂದು ಆರ್ಗನ್ನಿಗೂ ಪರೀಕ್ಷಕರಿಗೂ ನಡುವೆ ಪರದೆ ಕಟ್ಟಿದ್ದರು. ಹೆಸರು ಗುಮಾಸ್ತನಿಗೊಬ್ಬನಿಗೇ ಗೊತ್ತು. ಪರೀಕ್ಷಕರಿಗೆ ಬರೀ ನಂಬರು. ಪರದೆಯ ಹಿಂದೆ ತುಟಿ ಬಿಚ್ಚಿದವರು ಮನೆಗೆ ಹೋಗಬೇಕು.

ಆರ್ಗನ್ನಿಗೆ ಗಾಳಿ ಊದುವ ಯಂತ್ರ ನೋಡಿಕೊಳ್ಳುವ ಮುದುಕ ಒಗ್ಡನ್ ಪಕ್ಕಕ್ಕೆ ಬಂದು ಕಿವಿಯಲ್ಲಿ ಉಸುರಿದ: "ಕೈ ನಡುಗಿದ್ರೆ ನಡುಗ್ಲಿ ಕಣಮ್ಮ, ಕಾಲು ನಡುಗ್ದಿರ್ಲಿ." ಆರ್ಗನ್ನಿನ ತಗ್ಗಿನ ಸ್ವರಗಳನ್ನು ಕಾಲಲ್ಲೇ ತುಳಿದು ನುಡಿಸಬೇಕು.

ಸಂಜೆ ಪ್ರಾರ್ಥನೆಗೆ ಮುಂಚಿನ ಸಂಗೀತವನ್ನು ಅಲ್ಲೇ ಆಶುವಾಗಿ ಕಟ್ಟಿ, ಮೆತ್ತಗೆ ನುಡಿಸಬೇಕಿತ್ತು. ಹಿಲ್ಡಾ ಕಣ್ಣುಮುಚ್ಚಿ ಬೆರಳೊತ್ತಿದಳು. ಕಹಳೆ ಗುಡುಗಿತು! ಅವಳಿಗಿಂತ ಮುಂಚೆ ನುಡಿಸಿದ ಮೂರನೆಯ ನಂಬರಿನ ಪುಣ್ಯಾತ್ಮ, ಆರ್ಗನ್ನಿಗೆ ಕಹಳೆಯ ದನಿ ಕೊಡುವ ಗುಂಡಿಯನ್ನು ಎಳೆದವನು ಹಾಗೇ ಬಿಟ್ಟು ಹೋಗಿದ್ದ. ಕೂತೊಡನೆ ಗುಂಡಿಗಳನ್ನೆಲ್ಲ ಒಳಗೆ ದೂಡಿ ಅಂತ ಶಿಷ್ಯರ ತಲೆ ತಿನ್ನುತ್ತಿದ್ದವಳು ತಾನೇ ಮರೆತಿದ್ದಳು.

ಒಗ್ಡನ್ ತಲೆ ಚಚ್ಚಿಕೊಂಡ. ಹಿಲ್ಡಾ ಕೈ ತೆಗೆಯಲಿಲ್ಲ. ಆರ್ಗನ್ನಿನ ಇನ್ನೊಂದು ಸಾಲಿನ ಸ್ವರಮಣೆಗಳ ಮೇಲೆ ಕೊಳಲಿನಂಥ ಮೆಲುದನಿಯಲ್ಲಿ ಆ ಗುಡುಗಿಗೆ ಉತ್ತರ ಕೊಟ್ಟಳು. ಮತ್ತೆ ಕಹಳೆ, ಈ ಸಲ ಬೇಕೆಂದೇ. ಮತ್ತೆ ಕೊಳಲು. ಒಂದು ಗದರಿಸುತ್ತದೆ, ಇನ್ನೊಂದು ರಮಿಸುತ್ತದೆ. ಗದರಿಸಿದ್ದೇ ಕೊನೆಗೆ ಸೋತು ಸಣ್ಣಗಾಗುತ್ತದೆ. ಕಾಲುಗಳು ತಾವಾಗಿಯೇ ಓಡಿದವು. ಇಷ್ಟು ಖುಷಿಯಲ್ಲಿ ಅವಳು ಎಂದೂ ನುಡಿಸಿರಲಿಲ್ಲ.

ಐವರು ಅಭ್ಯರ್ಥಿಗಳದೂ ಮುಗಿದ ಮೇಲೆ ಕೆಥೀಡ್ರಲ್ಲಿನ ಹಿರಿಯ ಪಾದ್ರಿ ಡೀನ್ ಫಾದರ್‌ಗಿಲ್ ಎದ್ದು, ಮೂವರು ಪರೀಕ್ಷಕರ ಒಮ್ಮತವೂ ನಾಲ್ಕನೇ ನಂಬರಿಗೇ ಎಂದು ಸಾರಿದರು. ಆ ಮಹಾಶಯರು ದಯವಿಟ್ಟು ಮುಂದೆ ಬರಬೇಕು ಎಂದರು. ಹಿಲ್ಡಾ ಪರದೆ ಸರಿಸಿದಳು; ಗುಮಾಸ್ತ ಅವಳ ಹೆಸರು ಕೂಗಿದ. ಡೀನರ ಚಾಚಿದ ಕೈ ಅರ್ಧದಲ್ಲೇ ನಿಂತಿತು. ಕೆಮ್ಮಿ, ಸಾವರಿಸಿಕೊಂಡು, ಆ ಮೊದಲ ಗುಡುಗು ಬೇಕೆಂದೇ ನುಡಿಸಿದ್ದು ತಾನೇ ಎಂದು ಕೇಳಿದರು.

ಹೌದೆಂದರೆ ಮುಗಿಯುತ್ತಿತ್ತು. ಆದರೆ ಹಿಲ್ಡಾಗೆ ಸಂಗೀತದ ವಿಷಯದಲ್ಲಿ ಸುಳ್ಳು ಬಾಯಿಗೆ ಬರುವುದಿಲ್ಲ. ಇಲ್ಲ, ಗುಂಡಿ ನೋಡದೇ ಹೋದೆ ಎಂದಳು.

ಡೀನ್ ಹಣೆ ಒರೆಸಿಕೊಂಡರು. "ನಾವು, ಅಂದ್ರೆ, ಯಾರೋ ಗಂಡಸ್ರು ಅಂದ್ಕೊಂಡಿದ್ವಿ, ಮಿಸ್ ಕ್ರ್ಯಾಬ್‌ಟ್ರೀ."

"ನಾನೂ ಆ ಕಹಳೇನ ಮೆಲುದನಿ ಅಂದ್ಕೊಂಡೇ ಒತ್ತಿದ್ದು ಸ್ವಾಮಿ. ಆಮೇಲೆ ನಡೆಸ್ಕೊಂಡು ಹೋದೆ. ನೀವೂ ಹಾಗೇ ಮಾಡಿ."

ಮೊದಲು ನಕ್ಕವನು ಒಗ್ಡನ್. ಡೀನ್ ಕೈಯನ್ನು ಪೂರ್ತಿ ಚಾಚಿದರು.