ಮೊಣಕೈ ಅಳತೆ

ಹನ್ನೊಂದನೆಯ ಬೇಸಿನ್ನಿನ ಮುಂದೆ ನಿಂತು ಟೇಪಣ್ಣ ಇಲ್ಲದ ನೀರಿನಲ್ಲಿ ಮುಖ ತೊಳೆದುಕೊಳ್ಳುತ್ತಿದ್ದ. ಬೊಗಸೆಯೊಡ್ಡಿದ, ಕಣ್ಣು ಮುಚ್ಚಿ ಕೆನ್ನೆ ಉಜ್ಜಿದ, ಬಾಯಿ ಮುಕ್ಕಳಿಸಿ ಉಗಿಯುವವನಂತೆ ಕತ್ತು ಮುಂದೆ ಚಾಚಿದ. ಅಂಗಡಿಯಾಕೆ ಗಾಬರಿಯಿಂದ ಓಡಿಬಂದಳು.

"ಸರ್, ಅದಕ್ಕೆ ಪೈಪ್ ಕೊಟ್ಟಿಲ್ಲ!"

"ಗೊತ್ತಮ್ಮ. ಟ್ರಯಲ್ ನೋಡ್ತಿದ್ದೀನಿ. ಟ್ರಯಲ್ ಇಲ್ದೆ ನನ್ನ ಅಂಗಡಿಯಿಂದ ಒಂದು ಕರ್ಚೀಫೂ ಆಚೆ ಹೋಗಿಲ್ಲ."

ಅವನು ದರ್ಜಿ. ಎದ್ದಾಗಿನಿಂದ ಮಲಗುವವರೆಗೆ ಕೊರಳಲ್ಲಿ ಅಳತೆಯ ಟೇಪು ನೇತಾಡುತ್ತಿದ್ದುದರಿಂದ ಬೀದಿಗೆಲ್ಲ ಟೇಪಣ್ಣನಾಗಿದ್ದ. ಅಪ್ಪ ಅಮ್ಮ ಇಟ್ಟ ಹೆಸರು ಮತದಾರರ ಪಟ್ಟಿಯಲ್ಲಷ್ಟೇ ಉಳಿದಿತ್ತು. ಆರಡಿ ಎರಡಿಂಚಿನ ಆಳು. ಬೀದಿಯಲ್ಲಿ ಯಾರ ಸೊಂಟ ಯಾವ ವರ್ಷ ಎಷ್ಟು ಹಿಗ್ಗಿತೆಂಬುದು ಅವನಿಗೆ ಬಾಯಿಪಾಠ. ಹೆಂಡತಿ ಅವನ ಅಂಗಿಯ ಮೂರನೆಯ ಗುಂಡಿಯ ಎತ್ತರಕ್ಕೆ ಬರುತ್ತಿದ್ದಳು.

ಮನೆಯ ಹಳೆಯ ಬೇಸಿನ್ ಒಡೆದದ್ದು ಅವನಿಂದಲೇ. ಬಟ್ಟೆಯ ಕತ್ತರಿಯಲ್ಲಿ ಕಾಗದ ಕತ್ತರಿಸಿದಳೆಂದು ಒಮ್ಮೆ ಹೆತ್ತ ಮಗಳ ಜೊತೆ ವಾರವಿಡೀ ಮಾತು ಬಿಟ್ಟಿದ್ದ ಮನುಷ್ಯ, ಅದೇ ಕತ್ತರಿಯಿಂದ ಬಚ್ಚಲಲ್ಲಿ ಕದ್ದು ಮೀಸೆ ಕತ್ತರಿಸಿಕೊಳ್ಳುತ್ತಿದ್ದ. ಹೋದ ಭಾನುವಾರ ನಡುವೆ ಸೀನು ಬಂತು. ಎರಡು ಸೇರು ತೂಗುವ ಕತ್ತರಿ ಕೈಜಾರಿತು. ಬೇಸಿನ್ ಎರಡು ಹೋಳಾಯಿತು, ಮೀಸೆ ಒಂದು ಕಡೆ ಅರ್ಧವಾಯಿತು. ಮೀಸೆಯಾದರೆ ತಾನಾಗಿ ಬೆಳೆದೀತು, ಬೇಸಿನ್ ಬೆಳೆಯುವುದಿಲ್ಲವಲ್ಲ. ಹಾಗಾಗಿ ಗಂಡ ಹೆಂಡತಿ ಈ ಅಂಗಡಿಗೆ ಬಂದಿದ್ದರು.

ಕತ್ತರಿ ಬಿದ್ದ ಸದ್ದಿಗೆ ಹೆಂಡತಿಗೆ ಮೊದಲು ಆದದ್ದು, ನಿಜ ಹೇಳಬೇಕೆಂದರೆ, ಸಂತೋಷ. ಮನೆ ಕಟ್ಟಿಸುವಾಗ ಅವಳು ಹೆರಿಗೆಗೆಂದು ಆಸ್ಪತ್ರೆಯಲ್ಲಿದ್ದಳು. "ಬೇಸಿನ್ ಎಷ್ಟು ಎತ್ತರಕ್ಕೆ ಕೂರಿಸಲಿ?" ಎಂದು ಮೇಸ್ತ್ರಿ ಕೇಳಿದಾಗ ಟೇಪಣ್ಣ ತನ್ನ ಬೆಲ್ಟಿನ ಮೇಲೆ ಕೈಯಿಟ್ಟು "ಇಲ್ಲಿಗೆ" ಅಂದಿದ್ದ. ಕೂಸನ್ನೆತ್ತಿಕೊಂಡು ಮನೆಗೆ ಬಂದ ದಿನದಿಂದ ಮೂವತ್ತೊಂದು ವರ್ಷ ಅವಳು ಅಟ್ಟದ ಮೇಲಿನ ಡಬ್ಬಿ ಇಳಿಸುವವಳಂತೆ ಕೈ ಮೇಲೆತ್ತಿಯೇ ಮುಖ ತೊಳೆದಿದ್ದಳು. ಈ ಸಲ ಬಣ್ಣ ಹೇಗಾದರೂ ಇರಲಿ, ಆಕಾರ ಏನಾದರೂ ಆಗಲಿ, ತನಗೆ ಎಟಕುವಂಥ ಒಂದು ಬೇಸಿನ್ ಬೇಕು. ಅದನ್ನು ಹೇಳದೆ ಮನೆಗೆ ಮರಳುವುದಿಲ್ಲವೆಂದು ಅವಳು ಬೆಳಿಗ್ಗೆಯೇ ನಿಶ್ಚಯಿಸಿದ್ದಳು. ಹನ್ನೊಂದು ಬೇಸಿನ್ ದಾಟಿದರೂ ಮಾತು ಗಂಟಲಲ್ಲೇ ಇತ್ತು.

ಗಂಡನ ಮುಂದೆ ಬಾಯಿ ಬಿಡದವರ ಪೈಕಿಯಲ್ಲ ಅವಳು. ಆದರೆ ಅಳತೆಯ ವಿಷಯದಲ್ಲಿ ಅವನಿಗೆ ಹೇಳುವುದೆಂದರೆ ಮೀನಿಗೆ ಈಜು ಕಲಿಸಿದ ಹಾಗೆ. ಅವಳ ನಿಲುವಂಗಿಯ ತೋಳುಗಳ ಕಥೆಯನ್ನೇ ನೋಡಿ. ಮೊಣಕೈವರೆಗಿನ ತೋಳು, ಎಂಥ ಬಟ್ಟೆ ತಂದರೂ ಆ ತೋಳಿನ ತುದಿ ವರ್ಷದೊಳಗೆ ಬಣ್ಣ ಬಿಟ್ಟು, ನೂಲು ಸಡಿಲಿ, ಪಿಸಿದುಹೋಗುತ್ತಿತ್ತು. ಬೀದಿಯಲ್ಲಿ ಯಾರಿಗೂ ಆಗದ್ದು ದರ್ಜಿಯ ಹೆಂಡತಿಗೇ! ಟೇಪಣ್ಣನಿಗೆ ಇದು ಮಾನದ ಪ್ರಶ್ನೆಯಾಗಿತ್ತು. ದಾರ ಬದಲಿಸಿದ. ಬಟ್ಟೆ ವ್ಯಾಪಾರಿಯೊಂದಿಗೆ ಜಗಳ ಕಾದ. ತೋಳಿಗೆ ಒಳಗಿನಿಂದ ಎರಡು ಪದರ ಲೈನಿಂಗ್ ಕೊಟ್ಟ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕೊನೆಗೆ ಇವನು "ನಿನ್ನ ಬೆವರಲ್ಲಿ ಉಪ್ಪು ಜಾಸ್ತಿ" ಎಂದು ತೀರ್ಪು ಕೊಟ್ಟು, ಮನೆಮಂದಿಗೆಲ್ಲ ಆರು ತಿಂಗಳು ಸಪ್ಪೆ ಊಟ ಹಾಕಿಸಿದ್ದ.

ಹನ್ನೆರಡನೆಯ ಬೇಸಿನ್ ಕಂಡದ್ದೇ ಟೇಪಣ್ಣನ ಮುಖವರಳಿತು. ಕಲ್ಲಿನ ಕಟ್ಟೆಯ ಮೇಲೆ ಕೂರಿಸಿದ ದೊಡ್ಡ ಬೋಗುಣಿ, ಒಳಗೆಲ್ಲ ನೀಲಿ ಹೂಬಳ್ಳಿ.

"ಎಂಥಾ ಕಸೂತಿ ನೋಡೇ! ಕೈಯಲ್ಲಿ ಹಾಕಿದ ಹಾಗಿದೆ."

"ಚೆನ್ನಾಗಿದೆ," ಎಂದಳು ಹೆಂಡತಿ. ಅವಳ ಕಣ್ಣು ಮೂಲೆಯಲ್ಲಿ ಗೋಡೆಗೆ ಕಚ್ಚಿಕೊಂಡಿದ್ದ ಬಿಳಿಯ ಸಾದಾ ಬೇಸಿನ್ನಿನ ಮೇಲಿತ್ತು. ಅಗಲ ಅಂಚಿನದು, ಸಾಕಷ್ಟು ತಗ್ಗಿನಲ್ಲಿತ್ತು. "ಅದೂ ಚೆನ್ನಾಗಿದೆ ಅಲ್ವಾ?"

"ಅದಾ? ಆಸ್ಪತ್ರೆಲಿ ಇರೋ ಥರ ಇದೆ." ಅವನಾಗಲೇ ಕೊರಳಿನ ಟೇಪು ತೆಗೆದು ನೆಲದಿಂದ ಬೋಗುಣಿಯ ಅಂಚಿನವರೆಗೆ ಹಿಡಿದಿದ್ದ. "ಆಹಾ! ಮೂವತ್ತೊಂಬತ್ತು! ನಮ್ಮ ಹಳೇದರ ಎತ್ತರಾನೇ, ಒಂದು ದಾರದಷ್ಟೂ ಹೆಚ್ಚುಕಮ್ಮಿ ಇಲ್ಲ. ನಮಗೋಸ್ಕರಾನೇ ಹೊಲಿದ ಹಾಗಿದೆ."

ಹೆಂಡತಿಯ ಮುಖ ಸಣ್ಣಗಾಯಿತು. ಇನ್ನೇನು ಅವನು "ಇದನ್ನೇ ಕಟ್ಟಿಕೊಡಿ" ಅನ್ನುತ್ತಾನೆ, ಇನ್ನು ಮೂವತ್ತೊಂದು ವರ್ಷ ಕೈ ಎತ್ತುವುದೇ ಗತಿ. ಅವಳಿಗೆ ಅಳುವಷ್ಟು ಬೇಸರವಾಯಿತು.

ಅವಳನ್ನು ಉಳಿಸಿದ್ದು ಅವಳ ಬಾಯಲ್ಲ, ಅವನ ಚಾಳಿ. "ನೀನೂ ಒಂದು ಟ್ರಯಲ್ ನೋಡಿಬಿಡು," ಎಂದು ಟೇಪಣ್ಣ ಚೀಲದಿಂದ ಕುಡಿಯುವ ನೀರಿನ ಬಾಟಲಿ ತೆಗೆದ. "ಹೆಂಗಸರ ಟ್ರಯಲ್ಲು ನೀರು ಹಾಕೇ ನೋಡ್ಬೇಕು. ಆಮೇಲೆ ದೂರು ಬರಬಾರದು."

"ರೀ, ಬೇಡ. ಜನ ನೋಡ್ತಾರೆ."

"ನೋಡ್ಲಿ. ಕಲಿತುಕೊಳ್ಳಲಿ."

ಅಂಗಡಿಯಾಕೆ ಬೇಡವೆನ್ನುವ ಮೊದಲೇ ಬಾಟಲಿ ಬಗ್ಗಿತು. ಹೆಂಡತಿ ಬೋಗುಣಿಯ ಅಂಚಿನಾಚೆಗೆ ಕೈಗಳನ್ನೆತ್ತಿ ಬೊಗಸೆಯೊಡ್ಡಿದಳು, ಅಭ್ಯಾಸಬಲದಿಂದ ತುದಿಗಾಲ ಮೇಲೆ ನಿಂತು ನೀರನ್ನು ಮುಖಕ್ಕೆ ಒಯ್ದಳು. ಮುಖಕ್ಕೆ ಹೋದದ್ದು ಅರ್ಧ. ಉಳಿದರ್ಧ ಮಣಿಕಟ್ಟಿನಿಂದ ಹೊರಟು, ಮುಂಗೈಗುಂಟ ಸಾವಕಾಶವಾಗಿ ಇಳಿದು, ಮೊಣಕೈ ತಲುಪಿ, ತೋಳಿನ ತುದಿಯನ್ನು ನೆನೆಸಿ, ಅಲ್ಲಿಂದ ತೊಟ್ಟು ತೊಟ್ಟಾಗಿ ಅಂಗಡಿಯ ನೆಲದ ಮೇಲೆ ಬಿತ್ತು.

ಟೇಪಣ್ಣ ಬಾಟಲಿ ಹಿಡಿದುಕೊಂಡೇ ನಿಂತ. ಅವನ ಕಣ್ಣು ತೋಳಿನ ತುದಿಯ ಮೇಲಿತ್ತು. ಒದ್ದೆಯಾದ ಜಾಗ ಎರಡು ಬೆರಳಗಲ. ಪಿಸಿಯುತ್ತಿದ್ದ ಜಾಗವೂ ಅಷ್ಟೇ, ಅಲ್ಲೇ. ಮೂವತ್ತೊಂದು ವರ್ಷದ ತೋಳುಗಳೆಲ್ಲ ಸಾಲಾಗಿ ಅವನ ಕಣ್ಣ ಮುಂದೆ ಬಂದವು. ಇಂಗು ತಿಂದ ಮಂಗನಂತಾದ ಮುಖದಲ್ಲಿ ಅರ್ಧ ಮೀಸೆ ಮಾತ್ರ ಅಲುಗುತ್ತಿತ್ತು.

"ದಿನಾ ಹೀಗೇನಾ?" ಎಂದು ಕೇಳಿದ.

"ದಿನಾ."

"ಒಂದು ಮಣೆ ಹಾಕ್ಕೊಂಡು ನಿಲ್ಲಬಾರದಿತ್ತಾ?"

"ಹಾಕಿದ್ದೆ. ನೀವು ಎರಡು ಸಲ ಎಡವಿ ಬಿದ್ರಿ. ತೆಗೆದಿಟ್ಟೆ."

ಬಿದ್ದದ್ದು ಅವನಿಗೆ ನೆನಪಿತ್ತು, ಮಣೆಗೆ ಬೈದದ್ದೂ ನೆನಪಿತ್ತು. ಮಣೆ ಅಲ್ಲೇಕಿತ್ತೆಂದು ಮಾತ್ರ ಕೇಳಿರಲಿಲ್ಲ.

"ನಂಗೊಂದು ಮಾತು ಹೇಳಬಾರದಿತ್ತೇನೇ?"

"ಹೇಳಿದ್ದೆ. ನೀವು ಮಿಷನ್ ಓಡಿಸ್ತಿದ್ರಿ. ಹೂಂ ಅಂದ್ರಿ."

"ಹೋಗ್ಲಿ, ಉಪ್ಪು ಬಿಡಿಸಿದಾಗಲಾದ್ರೂ..."

"ಅಷ್ಟು ಹೊತ್ತಿಗೆ ನಂಗೆ ಸಿಟ್ಟು ಬಂದಿತ್ತು," ಎಂದಳು ಅವಳು, ಸೆರಗಿಲ್ಲದ್ದಕ್ಕೆ ಕರವಸ್ತ್ರದಿಂದ ಕೈ ಒರೆಸಿಕೊಳ್ಳುತ್ತ. "ನೀವೂ ಸಪ್ಪೆ ತಿಂತಿದ್ರಲ್ಲ, ತಿನ್ನಲಿ ಅಂತ ಸುಮ್ಮನಾದೆ."

ಅಂಗಡಿಯಾಕೆ ನೆಲ ಒರೆಸುವ ನೆಪದಲ್ಲಿ ಬಗ್ಗಿ ನಗು ನುಂಗಿಕೊಂಡಳು.

ಟೇಪಣ್ಣ ನಗಲಿಲ್ಲ. ಊರಿಗೆಲ್ಲ ಟೇಪು ಹಿಡಿದವನು ಹೆಂಡತಿಗೆ ಒಂದು ಸಲವೂ ಹಿಡಿದಿರಲಿಲ್ಲ. ಅವಳ ಬಟ್ಟೆಯನ್ನೆಲ್ಲ ಕಣ್ಣಳತೆಯಲ್ಲೇ ಹೊಲಿದಿದ್ದ, ಅದನ್ನು ಹೆಮ್ಮೆಯಿಂದ ಹೇಳಿಕೊಂಡೂ ಇದ್ದ. ಈಗ ಅವನಿಗೆ ನಾಚಿಕೆಯಾಯಿತು. ಅಂಗಡಿಯ ನಟ್ಟನಡುವೆ ಮಂಡಿಯೂರಿ ಕುಳಿತ.

"ಅಯ್ಯೋ, ಏನ್ರೀ ಇದು, ಏಳಿ ಮೇಲೆ!"

"ಅಲ್ಲಾಡ್ಬೇಡ. ಚಪ್ಪಲಿ ಬಿಡು. ನೆಟ್ಟಗೆ ನಿಲ್ಲು, ತುದಿಗಾಲು ಬೇಡ." ಟೇಪಿನ ತುದಿಯನ್ನು ಅವಳ ಹಿಮ್ಮಡಿಯ ಬಳಿ ಒತ್ತಿ, ಮೊಣಕೈವರೆಗೆ ಎಳೆದ. ಗಿರಾಕಿಗಳು ತಿರುಗಿ ನೋಡಿದರು. ಅವಳ ಕಿವಿ ಕೆಂಪಾಯಿತು, ಆದರೆ ಅಲುಗದೆ ನಿಂತಳು. "ಮೂವತ್ತೈದು," ಎಂದು ತನಗೇ ಹೇಳಿಕೊಂಡ. ಜೇಬಿನಿಂದ ಅಳತೆಯ ಪುಸ್ತಕ ತೆಗೆದು, ಒಂದು ಹೊಸ ಹಾಳೆ ಬಿಡಿಸಿ, ಬರೆದುಕೊಂಡ. ಎದ್ದು ಮೂಲೆಯ ಬಿಳಿ ಬೇಸಿನ್ ತೋರಿಸಿದ. "ಅದನ್ನ ಕಟ್ಟಿಸಿಕೊಡಮ್ಮ."

ಮರುದಿನ ಪ್ಲಂಬರ್ ಬಂದ. ಬಚ್ಚಲ ಗೋಡೆಯ ಮೇಲೆ, ಹೆಂಡತಿಯ ಮೊಣಕೈಗಿಂತ ಐದಿಂಚು ಕೆಳಗೆ, ಟೈಲರ್ ಚಾಕಿನಲ್ಲಿ ಎಳೆದ ನೀಲಿ ಗೆರೆ ಅವನಿಗಿಂತ ಮೊದಲೇ ಸಿದ್ಧವಾಗಿತ್ತು.

"ಮೂವತ್ತಿಂಚಾ? ಯಜಮಾನ್ರೇ, ಎಲ್ಲರ ಮನೇಲೂ ಮೂವತ್ತಮೂರಕ್ಕೆ ಹಾಕೋದು."

"ಎಲ್ಲರ ಅಳತೆಗೂ ಒಂದೇ ಅಂಗಿ ಹೊಲಿಯಕ್ಕಾಗುತ್ತೇನಯ್ಯ?"

"ನಿಮ್ಮ ಎತ್ತರಕ್ಕೆ ನಡು ಬಿದ್ದುಹೋಗುತ್ತೆ, ನೋಡ್ಕೊಳ್ಳಿ."

ಹೆಂಡತಿ ಬಾಗಿಲಿನಿಂದ ಇಣುಕಿದಳು. "ಹೌದು ರೀ. ಮೂರಿಂಚು ಮೇಲೇ ಹಾಕ್ಲಿ. ನಂಗೆ ಸಾಕಾಗುತ್ತೆ."

"ಸಾಕಾಗೋ ಬಟ್ಟೆ ನಾನು ಹೊಲಿಯೋದಿಲ್ಲ," ಎಂದ ಟೇಪಣ್ಣ. "ಸರಿಯಾಗೋದು ಮಾತ್ರ ಹೊಲಿಯೋದು. ಹಾಕಯ್ಯ ನೀನು."

ಮರುದಿನ ಬೆಳಿಗ್ಗೆ ಹೆಂಡತಿ ಬಚ್ಚಲಿಗೆ ಹೋಗಿ ಬಹಳ ಹೊತ್ತಾದರೂ ಬರಲಿಲ್ಲ. ನಲ್ಲಿ ನಿಂತಿತು, ಮತ್ತೆ ಹರಿಯಿತು, ಮತ್ತೆ ನಿಂತಿತು. ಇಷ್ಟು ಸಲ ಯಾರಾದರೂ ಮುಖ ತೊಳೆಯುತ್ತಾರೆಯೇ ಎಂದು ಟೇಪಣ್ಣ ಹೊರಗೆ ಟವೆಲ್ ಹಿಡಿದು ಕಾದ. ಅವಳು ಹೊರಗೆ ಬಂದಾಗ, ಗಿರಾಕಿ ತಂದ ಬಟ್ಟೆಯ ಗುಣ ನೋಡುವವನಂತೆ, ಅವಳ ತೋಳಿನ ತುದಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಉಜ್ಜಿದ. ಒಣಗಿತ್ತು. ಇನ್ನೊಂದು ತೋಳನ್ನೂ ನೋಡಿದ.

"ಆಯ್ತಾ ಪರೀಕ್ಷೆ?" ಎಂದು ಅವಳು ನಕ್ಕು ಅಡುಗೆಮನೆಗೆ ಹೋದಳು.

ಆಮೇಲೆ ಅವನ ಸರದಿ. ಮೊದಲು ನೆಟ್ಟಗೆ ನಿಂತು ನೋಡಿದ. ನೀರು ಎಲ್ಲೋ ಪಾತಾಳದಲ್ಲಿತ್ತು. ಕಾಲು ಅಗಲಿಸಿ ನಿಂತ, ಮಂಡಿ ಬಗ್ಗಿಸಿದ, ಕೊನೆಗೆ ಸೊಂಟವನ್ನೇ ಎರಡಾಗಿ ಮಡಚಿದ. ಟೇಪು ಜಾರಿ ನೀರಿಗೆ ಬಿತ್ತು. ಹಣೆ ನಲ್ಲಿಗೆ ತಾಗಿತು. ಬೊಗಸೆಯ ನೀರು ಮೂಗಿಗೊಂದಿಷ್ಟು, ಅಂಗಿಗೆ ಮಿಕ್ಕದ್ದೆಲ್ಲ. ನಡುವನ್ನು ಕೈಯಿಂದ ಹಿಡಿದು, ಅವುಡುಗಚ್ಚಿ, ಒಂದು ನರಳಾಟವನ್ನೂ ಹೊರಗೆ ಕೇಳಿಸದಂತೆ ನುಂಗಿ, ತಿಂಡಿಗೆ ಬಂದು ಕುಳಿತ.

ಹೆಂಡತಿ ತಟ್ಟೆಯಿಟ್ಟು ಅವನನ್ನೊಮ್ಮೆ ನೋಡಿದಳು. ಎದೆಯಿಂದ ಹೊಟ್ಟೆಯವರೆಗೆ ಅಂಗಿ ತೊಪ್ಪೆಯಾಗಿ ಮೈಗಂಟಿತ್ತು. ಕೊರಳಿನ ಟೇಪಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ಇದೇನ್ರೀ, ಅಂಗಿಯೆಲ್ಲ ಒದ್ದೆ?"

"ಬೆವರು," ಎಂದ ಟೇಪಣ್ಣ.

ಅವಳು ಮೇಜಿನ ಮೇಲಿದ್ದ ಉಪ್ಪಿನ ಡಬ್ಬಿಯನ್ನೆತ್ತಿ, ಅವನ ಕೈಗೆ ಸಿಗದಷ್ಟು ದೂರ ಸರಿಸಿಟ್ಟಳು.