ಒಂದು ಸೀರೆ, ಮೂವರು ನೇಕಾರರು, ಎಷ್ಟು ದಿನ?

ಶನಿವಾರ ಬೆಳಿಗ್ಗೆ ಚಹಾ ಕುಡಿಯುತ್ತ ಫೋನು ತೆರೆದರೆ ನನ್ನ ಲೆಕ್ಕದ ಉತ್ತರ ಬದಲಾಗಿತ್ತು. ನನ್ನ ಲೆಕ್ಕ! ಮೂವತ್ನಾಲ್ಕು ವರ್ಷ ಗಣಿತ ಕಲಿಸಿ ನಿವೃತ್ತಳಾದ ರತ್ನಾಬಾಯಿಯ ಲೆಕ್ಕ! 'ಒಬ್ಬ ನೇಕಾರ ಒಂದು ಸೀರೆಯನ್ನು ಆರು ದಿನಗಳಲ್ಲಿ ನೇಯುತ್ತಾನೆ. ಅದೇ ಸೀರೆಯನ್ನು ಮೂವರು ನೇಕಾರರು ಎಷ್ಟು ದಿನಗಳಲ್ಲಿ ನೇಯುತ್ತಾರೆ?' ಉತ್ತರ ಎರಡು. ಆರನ್ನು ಮೂರರಿಂದ ಭಾಗಿಸಿದರೆ ಎರಡು, ಇದರಲ್ಲಿ ಏನು ಮಣ್ಣು ಇದೆ? ಆದರೆ ಯಾರೋ ಪುಣ್ಯಾತ್ಮರು ಎರಡನ್ನು ಅಳಿಸಿ ಆರು ಎಂದು ಹಾಕಿದ್ದರು.

ಕಲಿಕಟ್ಟಿಯಲ್ಲಿ ಹಾಗೆ ಮಾಡಲು ಬರುತ್ತದೆ. ಕಲಿಕಟ್ಟಿ ಎಂದರೆ ನಾವೇ ಕಟ್ಟಿಕೊಂಡ ಆನ್‌ಲೈನ್ ಸಾಲೆ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ಅರವತ್ತು ಜನ ಸೇರಿ ಒಂದು ವರ್ಷ ಗುದ್ದಾಡಿ ಕಟ್ಟಿದ್ದು. ಯಾವ ಕಂಪನಿಯದೂ ಅಲ್ಲ, ಫೀ ಇಲ್ಲ. ಅದರ ಕೋಡನ್ನು ಯಾರು ಬೇಕಾದರೂ ನೋಡಬಹುದು, ಒಯ್ದು ತಮ್ಮೂರಲ್ಲಿ ಇಂಥದೇ ಇನ್ನೊಂದು ಕಟ್ಟಿಕೊಳ್ಳಬಹುದು. ಪಾಠಗಳನ್ನೂ ಯಾರು ಬೇಕಾದರೂ ತಿದ್ದಬಹುದು. ಈ ಕೊನೆಯ ಮಾತಿಗೆ ಸಭೆಯಲ್ಲಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವಳು ನಾನೇ. ತಿದ್ದುವವರು ನನ್ನದನ್ನೇ ತಿದ್ದುತ್ತಾರೆ ಎಂದು ಕನಸಿನಲ್ಲೂ ಅನಿಸಿರಲಿಲ್ಲ.

ಮರುದಿನ ಭಾನುವಾರ ಹನ್ನೊಂದು ಗಂಟೆಗೆ ಇಳಕಲ್ಲಿನಲ್ಲಿ ಉದ್ಘಾಟನೆ. ದೊಡ್ಡ ಪರದೆಯ ಮೇಲೆ ಮೊಟ್ಟಮೊದಲು ತೆರೆಯಬೇಕಾದದ್ದು ನನ್ನ ಪಾಠ. ಮುಚ್ಚುಮರೆ ಯಾಕೆ, ನನಗೆ ಅದು ಬೇಕೇ ಬೇಕಿತ್ತು. ನಿವೃತ್ತಿಯಾಗಿ ಮೂರು ವರ್ಷ, ಬಾಗಲಕೋಟೆ ವಿದ್ಯಾಗಿರಿಯ ನಮ್ಮ ರಸ್ತೆಯಲ್ಲಿ ಕಾಯಿಪಲ್ಲೆ ಮಾರುವಾಕೆಯನ್ನು ಬಿಟ್ಟರೆ ಯಾರೂ ನನ್ನನ್ನು ಸಾಲೆಯಲ್ಲಿ ಟೀಚರನ್ನು ಕರೆಯುವಂತೆ 'ಅಕ್ಕೋರ' ಎಂದು ಕರೆದಿರಲಿಲ್ಲ. ಹಗಲೆಲ್ಲ ಕೂತು ನಲವತ್ತು ಪಾಠ ಬರೆದಿದ್ದೆ. ಪ್ರತಿ ಪಾಠದ ಕೆಳಗೆ 'ಬರೆದವರು' ಎಂಬ ಖಾನೆಯಲ್ಲಿ ನನ್ನ ಹೆಸರು. ಅದರ ಪಕ್ಕದ 'ಜೊತೆಗೂಡಿದವರು' ಖಾನೆ ನಲವತ್ತರಲ್ಲೂ ಖಾಲಿ. ಜೊತೆಗೆ ಬರುತ್ತೇವೆಂದವರನ್ನೆಲ್ಲ ನಾನೇ ಓಡಿಸಿದ್ದೆ.

ಆರನ್ನು ಅಳಿಸಿ ಎರಡು ಮಾಡಿದೆ. ಐದು ನಿಮಿಷಕ್ಕೆ ಮತ್ತೆ ಆರು. ನಾನು ಎರಡು. ಅತ್ತಲಿಂದ ಆರು. ನಾನು ಮತ್ತೆ ಎರಡು ಎಂದು ಒತ್ತಿದ್ದೇ ಪಾಠಕ್ಕೆ ಟಕ್ಕಂತ ಕೆಂಪು ಬೀಗ ಬಿತ್ತು. ಮೂರು ಸಲ ಹಿಂದೆಮುಂದೆ ಆದರೆ ಪಾಠ ಬಂದ್. ಇಬ್ಬರೂ 'ಒಪ್ಪಿದೆ' ಎಂದು ಒತ್ತಿ ಕಾರಣ ಬರೆಯುವವರೆಗೆ ಅದು ಬೇರೆ ಯಾರಿಗೂ ತೆರೆಯುವುದಿಲ್ಲ. ಈ ನಿಯಮ ಮಾಡಿಸಿದವಳೂ ನಾನೇ! ಮರೋಳದ ಗುರಲಿಂಗಪ್ಪ ಮಾಸ್ತರರು ಎಲ್ಲರ ಪಾಠದಲ್ಲಿ ಕೈಯಾಡಿಸುತ್ತಾರೆ ಎಂದು ಅವರಿಗಾಗಿ ಹೆಣೆದ ಬಲೆಯಲ್ಲಿ ನಾನೇ ಬಿದ್ದಿದ್ದೆ.

ತೌಸಿಫನಿಗೆ ಫೋನು ಹಚ್ಚಿದೆ. ಕಲಿಕಟ್ಟಿಯ ಕಂಪ್ಯೂಟರ್ ಕೆಲಸವನ್ನೆಲ್ಲ ನೋಡಿಕೊಳ್ಳುವವನು ಅವನು, ಹುನಗುಂದದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇದೆ.

"ತೌಸಿಫ, ಆ ಬೀಗ ತಗೀಪಾ ಲಗೂನ."

"ನನ್ನ ಕೈಯಾಗ ಇಲ್ರಿ ಅಕ್ಕೋರ. ನಿಯಮ ನಿಮ್ದ ಐತಿ."

"ತಗೀಲಿಲ್ಲಂದ್ರ ನಾಳಿ ಏನ್ ತೋರಸ್ತಿ?"

"ಗುರಲಿಂಗಪ್ಪ ಮಾಸ್ತರ್ದು ಪಂಪ್‌ಸೆಟ್ ರಿಪೇರಿ ಪಾಠ ರೆಡಿ ಐತ್ರಿ. ನಲವತ್ತು ನಿಮಿಷ."

ಅದರಲ್ಲಿ ಹತ್ತು ನಿಮಿಷ ಗಂಟಲು ಸರಿಮಾಡಿಕೊಳ್ಳುವುದೇ ಇದೆ. ನನ್ನ ತಲೆಯಲ್ಲಿ ಬೆಂಕಿ ಹತ್ತಿತು. ಆಗ ಬೀಗದ ಕೆಳಗೆ ಒಂದು ಟಿಪ್ಪಣಿ ಬಂದು ಕೂತಿತು: 'ಮಗ್ಗಕ್ಕ ಒಬ್ಬರ ಕೂಡ್ತಾರ್ರಿ. ಮೂರು ಮಂದಿ ಎಲ್ಲಿ ಕೂಡಬೇಕು, ತೊಡಿ ಮ್ಯಾಲೇನು? ನಂಬಿಕಿ ಇಲ್ಲಂದ್ರ ಬಂದು ನೋಡ್ರಿ. ಇಳಕಲ್ಲಿಗೆ ಬಂದು ಕಾಸಿಂಬಿ ಮನಿ ಅಂದ್ರ ಯಾರರ ತೋರಸ್ತಾರ.'

ತೊಡಿ ಮ್ಯಾಲೇನು! ಮೂವತ್ನಾಲ್ಕು ವರ್ಷದಲ್ಲಿ ನನಗೆ ಹಾಗೆ ಯಾರೂ ಕೇಳಿರಲಿಲ್ಲ. ಉದ್ಘಾಟನೆಗೆಂದು ಇಸ್ತ್ರಿ ಮಾಡಿಟ್ಟಿದ್ದ ಇಳಕಲ್ ಸೀರೆಯನ್ನೇ ಉಟ್ಟೆ, ಜಗಳಕ್ಕೆ ಹೋಗುವಾಗಲೂ ಒಂದು ಗತ್ತು ಇರಬೇಕಲ್ಲ, ಬಸ್ ಹತ್ತಿದೆ. ಅಮೀನಗಡದಲ್ಲಿ ಬಸ್ಸು ನಿಂತಾಗ ಕರದಂಟು ಕೊಳ್ಳಬಾರದು ಎಂದು ನಿರ್ಧರಿಸಿದೆ. ಬರಿಗೈಲಿ ಯಾರ ಮನೆಗೂ ಹೋಗಿ ಗೊತ್ತಿಲ್ಲದ ಕಾರಣ ಇಳಿದು ಒಂದು ಡಬ್ಬಿ ಕೊಂಡೆ. ಸಿಟ್ಟಿನ ಜೊತೆ ಕರದಂಟು ಹಿಡಿದುಕೊಂಡು ಇಳಕಲ್ಲಿನಲ್ಲಿ ಇಳಿದೆ.

ಕಾಸಿಂಬಿ ಬಾಗಿಲಲ್ಲೇ ನಿಂತಿದ್ದಳು. ನನ್ನಷ್ಟೇ ವಯಸ್ಸು, ಬತ್ತಿಯಂಥ ಮೈ, ಕಣ್ಣು ಮಾತ್ರ ಸೂಜಿ.

"ಬರ್ರಿ ಅಕ್ಕೋರ. ಬಸ್ಸಿನ ಟೈಮ್ ನೋಡಿ ಚಾ ಇಟ್ಟೇನಿ."

"ಚಾ ಆಮೇಲೆ. ನನ್ನ ಲೆಕ್ಕ ಯಾಕ ಕೆಡಸಿದ್ರಿ?"

"ನಿಮ್ಮ ಲೆಕ್ಕ ನನ್ನ ಸೊಸಿನ್ನ ಕೆಡಸಿತ್ರಿ," ಎಂದಳು.

ಒಳಗೆ ಮಗ್ಗದ ಪಕ್ಕ ಸೊಸೆ ಫರಹಾನಾ ತಲೆ ತಗ್ಗಿಸಿ ಕೂತಿದ್ದಳು. ಇಪ್ಪತ್ತಾರರ ಹುಡುಗಿ. ಒಂಬತ್ತನೆಯ ತರಗತಿಗೆ ಸಾಲೆ ಬಿಟ್ಟವಳು, ಈ ವರ್ಷ ಹೊರಗಿನಿಂದ ಎಸೆಸೆಲ್ಸಿ ಕಟ್ಟಬೇಕು ಎಂದು, ಪ್ರಯೋಗಕ್ಕೆಂದು ಉದ್ಘಾಟನೆಗೆ ಮೊದಲೇ ತೆರೆದಿದ್ದ ಕಲಿಕಟ್ಟಿಗೆ ಸೇರಿದ್ದಳಂತೆ. ಮೊದಲ ದಿನದ ಮೊದಲ ಪ್ರಶ್ನೆ ನನ್ನ ಸೀರೆಯ ಲೆಕ್ಕ. ಆಕೆ ಆರು ಎಂದು ಒತ್ತಿದಳು. ಫೋನು ಕೆಂಪಗಾಗಿ 'ತಪ್ಪು' ಎಂದಿತು. ಮೂರು ಸಲ ಒತ್ತಿದಳು, ಮೂರು ಸಲವೂ ತಪ್ಪು.

"ಅವತ್ತಿನಿಂದ ಫೋನ್ ಮುಟ್ಟಿಲ್ಲ," ಎಂದಳು ಕಾಸಿಂಬಿ. "ನನಗ ತಿಳದಿದ್ದ ಒಂದ ಕೆಲಸ ಇದು, ಅದೂ ತಪ್ಪಂದ್ರ ಉಳದದ್ದು ಹೆಂಗ ಕಲೀಲಿ ಅಂತಾಳ. ಫಾರ್ಮ್ ತುಂಬೂದಿಲ್ಲಂತ. ನಾ ಫೋನ್ ತಗೊಂಡು ಬಾಯಿಲೆ ಹೇಳಿದ್ನಿ, ಅದ ಬರಕೊಂತು."

ನನ್ನ ಸಿಟ್ಟು ಅರ್ಧ ಇಳಿಯಿತು. ಅರ್ಧ ಇನ್ನೂ ಇತ್ತು. ಅದು ಗಣಿತದ ಸಿಟ್ಟು, ಸುಲಭಕ್ಕೆ ಇಳಿಯುವುದಿಲ್ಲ.

"ನೋಡ್ರಿ ಕಾಸಿಂಬಿ, ಒಬ್ಬರು ಲಾಳಿ ಎಸೀಬೇಕು, ಒಬ್ಬರು ಹಲಗಿ ತುಳೀಬೇಕು, ಒಬ್ಬರು ಎಳಿ ಬಡೀಬೇಕು. ಕೆಲಸ ಹಂಚಿಕೊಂಡ್ರ ಯಾಕ ಲಗೂ ಆಗೂದಿಲ್ಲ?"

"ಕೂಡ್ರಿ ಹಂಗಾರ," ಎಂದು ಆಕೆ ಮಗ್ಗದ ಕುಣಿ ತೋರಿಸಿದಳು.

ಕೂತೆ. ಕುಣಿ ಮಗ್ಗದಲ್ಲಿ ನೆಲದ ಅಂಚಿಗೆ ಕೂತು ಕಾಲನ್ನು ಕುಣಿಯೊಳಗೆ ಬಿಡಬೇಕು. ಅದು ಒಬ್ಬರ ಅಳತೆಗೆ ತೋಡಿದ್ದು. ನಡುವೆ ನಾನು, ಎಡಕ್ಕೆ ಕಾಸಿಂಬಿ, ಬಲಕ್ಕೆ ಫರಹಾನಾ. ಮೂವರ ಆರು ಕಾಲು ಕತ್ತಲ ಕುಣಿಯಲ್ಲಿ, ಯಾವುದು ಯಾರದೋ ದೇವರೇ ಬಲ್ಲ. ನಾನು ತುಳಿದದ್ದು ಹಲಗೆ ಎಂದುಕೊಂಡೆ, "ಯವ್ವಾ, ನನ್ನ ಕಾಲು!" ಎಂದಳು ಕಾಸಿಂಬಿ. ಫರಹಾನಾ ಎಸೆದ ಲಾಳಿ ನನ್ನ ಮೊಣಕೈಗೆ ಬಡಿದು ಹಾರಿ ಮಂಚದ ಕೆಳಗೆ ಹೋಯಿತು. ಅದನ್ನು ಹಿಡಿಯಲು ನಾನು ವಾಲಿದೆ, ನನ್ನ ಜೊತೆ ಮೂವರೂ ವಾಲಿದೆವು, ಎಲ್ಲೋ ಚಟ್ಟಂತ ಸದ್ದಾಯಿತು.

ಕಾಸಿಂಬಿ ಬಗ್ಗಿ ನೋಡಿದಳು. "ಎರಡು ಎಳಿ ಹರದ್ವು. ಮೂರು ಮಂದಿ ಕೂತ್ರ ಆರು ದಿನ ಅಲ್ರಿ ಅಕ್ಕೋರ, ಆರೂವರಿ ದಿನ."

ಮೊದಲು ನಕ್ಕವಳು ಫರಹಾನಾ. ನಗಬಾರದೆಂದು ಬಾಯಿಗೆ ದುಪಟ್ಟಾ ಒತ್ತಿಕೊಂಡಳು, ಆಗಲಿಲ್ಲ. ನನಗೂ ಆಗಲಿಲ್ಲ. ಏಳಲು ಹೋದರೆ ನಾನು ಕುಣಿಯಲ್ಲಿ ಸಿಕ್ಕಿಕೊಂಡಿದ್ದೆ. ಇಬ್ಬರೂ ಒಂದೊಂದು ಕೈ ಹಿಡಿದು ಎಳೆದರು, ಎಳೆಯುತ್ತ ನಕ್ಕರು, ನಗುತ್ತ ಕೈಬಿಟ್ಟರು, ನಾನು ಮತ್ತೆ ಕುಣಿಗೆ ಬಿದ್ದೆ. ಹೊಟ್ಟೆ ಹಿಡಿದುಕೊಂಡು ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು. ಅಷ್ಟು ನಕ್ಕು ಎಷ್ಟು ವರ್ಷವಾಗಿತ್ತೋ.

ಹೊರಗೆ ಬಂದು ಚಹಾ ಕುಡಿಯುವಾಗ ಕಾಸಿಂಬಿ ನನ್ನ ಸೆರಗನ್ನು ಬೆರಳಲ್ಲಿ ಎತ್ತಿ ಹಿಡಿದಳು. "ಇಲ್ಲಿ ನೋಡ್ರಿ. ಸೀರಿ ಮೈಯಿನ ಹಾಸು, ಅಂದ್ರ ಉದ್ದನ ಎಳಿ, ಬ್ಯಾರೆ, ಸೆರಗಿನ ಹಾಸು ಬ್ಯಾರೆ. ಒಂದೊಂದು ಎಳಿಗೂ ಕೊಂಡಿ ಹಾಕಿ ಕೂಡಸಬೇಕು. ಒಬ್ಬರು ಹಿಡೀಬೇಕು, ಒಬ್ಬರು ಎಳಿ ಕೊಡಬೇಕು, ಒಬ್ಬರು ಕೊಂಡಿ ಹಾಕಬೇಕು. ಮೂರು ಮಂದಿ ಕೂತ್ರ ಅರ್ಧ ದಿನಕ್ಕ ಮುಗೀತದ."

"ಹಂಗಾರ ಒಬ್ಬಾಕಿಗೆ ಒಂದೂವರಿ ದಿನ," ಎಂದಿತು ನನ್ನ ಬಾಯಿ. ಮೂವತ್ನಾಲ್ಕು ವರ್ಷದ ಚಟ.

ಅತ್ತೆ ಸೊಸೆ ಮುಖ ಮುಖ ನೋಡಿಕೊಂಡರು. ಉತ್ತರ ಕೊಟ್ಟವಳು ಫರಹಾನಾ. "ಒಬ್ಬಾಕಿ ಕಡಿಂದ ಎಂದೂ ಆಗಂಗಿಲ್ರಿ ಅಕ್ಕೋರ."

ನಾನು ಸೆರಗನ್ನು ಕೈಗೆ ತೆಗೆದುಕೊಂಡೆ. ನಲವತ್ತು ವರ್ಷದಿಂದ ಇಂಥ ಸೀರೆ ಉಡುತ್ತಿದ್ದೇನೆ, ಆ ಕೂಡಿಕೆಯನ್ನು ಒಮ್ಮೆಯೂ ನೋಡಿರಲಿಲ್ಲ. ಬಹಳ ನಾಚಿಕೆಯಾಯಿತು.

"ಆದ್ರ ಪರೀಕ್ಷಾದಾಗ ಎರಡು ಅಂತ ಬರೀಬೇಕಲ್ರಿ?" ಎಂದು ಕೇಳಿದಳು ಹುಡುಗಿ. ಒಳ್ಳೆಯ ಪ್ರಶ್ನೆ, ಒಳ್ಳೆಯ ವಿದ್ಯಾರ್ಥಿ ಕೇಳುವ ಪ್ರಶ್ನೆ. ನನ್ನೊಳಗಿನ ಅಕ್ಕೋರು ಎದ್ದು ಕೂತರು.

"ಉಳ್ಳಾಗಡ್ಡಿ ಹೊಲ ಕೀಳೂದಕ್ಕ ಒಬ್ಬಾಕಿಗೆ ಆರು ದಿನ. ಮೂರು ಮಂದಿಗೆ?"

"ಎರಡು," ಎಂದಳು ತಡಮಾಡದೆ. "ಅದು ಹಂಚಗೊಳ್ಳೂ ಕೆಲಸ ಐತಲ್ರಿ."

"ಇಷ್ಟ ನೋಡವ್ವ. ಪರೀಕ್ಷಾದವರು ಎಲ್ಲಾ ಕೆಲಸಾನೂ ಉಳ್ಳಾಗಡ್ಡಿ ಅಂತ ತಿಳಕೊಂಡಾರ. ಅಲ್ಲಿ ಹಂಗ ಬರಿ. ಆದ್ರ ನಿನಗ ಗೊತ್ತಿರೂದು ತಪ್ಪಲ್ಲ."

ಅಲ್ಲೇ ಜಗಲಿಯ ಮೇಲೆ ಕೂತು ಮೂವರೂ ಪಾಠ ಮತ್ತೆ ಬರೆದೆವು. ಹಂಚಿಕೊಳ್ಳಬಹುದಾದ ಕೆಲಸ, ಹಂಚಿಕೊಳ್ಳಲಾಗದ ಕೆಲಸ, ಒಬ್ಬರಿಂದ ಎಂದೂ ಆಗದ ಕೆಲಸ. ಮುಗಿದ ಮೇಲೆ ನಾನು 'ಒಪ್ಪಿದೆ' ಒತ್ತಿದೆ. ಕಾಸಿಂಬಿಯ ಬೆರಳು ಮಾತ್ರ ಮೇಲೇ ನಿಂತಿತು.

"ಕಾರಣ ಬರೀರಿ ಮೊದಲ."

ಲಕ್ಷಗಟ್ಟಲೆ ಉತ್ತರಗಳ ಮೇಲೆ ಕೆಂಪು ಗೀಟು ಎಳೆದ ಕೈ ಇದು. 'ನನ್ನ ತಪ್ಪು' ಎಂದು ಬರೆಯಲು ಎಷ್ಟು ಹೊತ್ತು ತೆಗೆದುಕೊಂಡಿತು ಎಂದರೆ ಎರಡನೆಯ ಸಲದ ಚಹಾ ತಣ್ಣಗಾಯಿತು. ಬರೆದೆ. ಕಾಸಿಂಬಿ ಒತ್ತಿದಳು. ಬೀಗ ಹೋಯಿತು.

ಭಾನುವಾರ ಸಭಾಂಗಣ ತುಂಬಿ ಜನ ಕಿಟಕಿಯಲ್ಲಿ ನಿಂತಿದ್ದರು. ತೌಸಿಫ ಗುಂಡಿ ಒತ್ತಿದ, ಕಲಿಕಟ್ಟಿ ಪರದೆಯ ಮೇಲೆ ಬಂತು, ಶಿಳ್ಳೆಯೋ ಶಿಳ್ಳೆ. ನಾನು ಮೈಕು ಹಿಡಿದೆ. "ಒಬ್ಬ ನೇಕಾರಗ ಒಂದು ಸೀರಿಗೆ ಆರು ದಿನ. ಮೂರು ಮಂದಿಗೆ?"

"ಆರು!" ಎಂದಿತು ಇಡೀ ಇಳಕಲ್ಲು.

"ಎರಡು!" ಎಂದರು ಮುಂದಿನ ಸಾಲಿನಿಂದ ಗುರಲಿಂಗಪ್ಪ ಮಾಸ್ತರರು, ಎಲ್ಲರಿಗಿಂತ ಗಟ್ಟಿಯಾಗಿ.

ಛಾವಣಿ ಹಾರಿಹೋಗುವಂತೆ ನಕ್ಕರು ಜನ. ಮಾಸ್ತರರು ಎದ್ದು ನಿಂತು ವಾದಕ್ಕಿಳಿದರು. ಅವರನ್ನು ಕೂಡಿಸಿ, ಕುಣಿಯ ಅಗಲ ಕೈಯಲ್ಲಿ ತೋರಿಸಿ, ಯಾಕೆ ಆರು ಎಂದು ಬಿಡಿಸಿ ಹೇಳಿದವಳು ಫರಹಾನಾ. ಮೊದಲು ಮೈಕು ನಡುಗುತ್ತಿತ್ತು, ಆಮೇಲೆ ಮಾಸ್ತರರೇ ನಡುಗಿದರು.

ಗದ್ದಲವೆಲ್ಲ ಮುಗಿದು ಜನ ಉಪ್ಪಿಟ್ಟಿಗೆ ಸಾಲು ಹಚ್ಚಿದಾಗ ತೌಸಿಫ ಫೋನು ಹಿಡಿದು ಓಡಿಬಂದ. "ಅಕ್ಕೋರ, ಸಿಟ್ಟಾಗಬ್ಯಾಡ್ರಿ. ನಿಮ್ಮ ಎರಡನೇ ಪಾಠಾನೂ ಯಾರೋ ತಿದ್ದ್ಯಾರ."

ಎರಡನೆಯದು ನೀರಿನ ಲೆಕ್ಕ. ಒಂದು ಕೊಡ ತುಂಬಲು ನಳಕ್ಕೆ ಐದು ನಿಮಿಷ, ಹತ್ತು ಕೊಡಕ್ಕೆ ಎಷ್ಟು? ನನ್ನ ಐವತ್ತರ ಕೆಳಗೆ ಹೊಸದಾಗಿ ಬರೆದಿತ್ತು: 'ನಮ್ಮ ಓಣ್ಯಾಗ ನಳ ಅರ್ಧ ತಾಸಿಗೆ ಹೋಗ್ತದ್ರಿ. ಆರು ಕೊಡ ಅಷ್ಟ. ಉಳದ ನಾಕು ಬೋರಿಗೆ ಹೋಗಿ ತರಬೇಕು, ಆ ದಾರಿ ಟೈಮ್ ಹಿಡದಿಲ್ಲ ನೀವು.' ಅದರ ಕೆಳಗೆ ಹೆಸರು, ಫರಹಾನಾ. ಹಾಲ್‌ನ ಆ ತುದಿಯಲ್ಲಿ ಆಕೆ ಗೋಡೆಗೆ ಒರಗಿ, ಒಂದು ಕೈಯಲ್ಲಿ ಉಪ್ಪಿಟ್ಟಿನ ತಟ್ಟೆ, ಇನ್ನೊಂದರಲ್ಲಿ ಫೋನು ಹಿಡಿದು, ಆಗಲೇ ಮೂರನೆಯ ಪಾಠ ತೆರೆದಿದ್ದಳು.

ನಾನು 'ಒಪ್ಪಿದೆ' ಒತ್ತಿದೆ. 'ಜೊತೆಗೂಡಿದವರು' ಖಾನೆಯಲ್ಲಿ ಅವಳ ಹೆಸರು ಬರೆದು, ಹಿಂದಕ್ಕೆ ಹೋಗಿ ಮೊದಲ ಪಾಠದ ಖಾನೆಯಲ್ಲಿ ಕಾಸಿಂಬಿ, ಫರಹಾನಾ ಇಬ್ಬರ ಹೆಸರನ್ನೂ ಬರೆದೆ. ಇನ್ನೂ ಮೂವತ್ತೆಂಟು ಖಾಲಿ ಇದ್ದವು.